ಲಿಂಡ್ಸೆ ತಿದ್ದಿದ ಒದೆತ

ನಮ್ಮ ಕ್ಲಬ್ಬಿನಲ್ಲಿ ಲಿಂಡ್ಸೆ ಟ್ರೆವಿನ್ ಮಾಡುವ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ನಾವು ‘ಹೊಸ ಹುಡುಗರನ್ನು ಬೆಳೆಸುವವನು’ ಎನ್ನುತ್ತಿದ್ದೆವು. ಅವನನ್ನೇ ಕೇಳಿದರೆ ಬೇರೆ ಉತ್ತರ ಬರುತ್ತಿತ್ತು. “ಬರೋರನ್ನ ವಿಮಾನ ನಿಲ್ದಾಣದಿಂದ ಕರ್ಕೊಂಡ್ ಬರೋದು, ಹೋಗೋರನ್ನ ವಿಮಾನ ನಿಲ್ದಾಣಕ್ಕೆ ಬಿಟ್ಟು ಬರೋದು. ಮಧ್ಯೆ ಸ್ವಲ್ಪ ಫೂಟಿ.”

ಫೂಟಿ ಎಂದರೆ ನಮ್ಮ ಆಸ್ಟ್ರೇಲಿಯಾದ ಫುಟ್‌ಬಾಲು, ಚಳಿಗಾಲದ ಆಟ. ತಮಾಷೆಗೆ ಹೇಳುತ್ತಿದ್ದ, ಆದರೆ ಸುಳ್ಳು ಹೇಳುತ್ತಿರಲಿಲ್ಲ. ಪ್ರತಿ ನವೆಂಬರಿನಲ್ಲಿ ಡ್ರಾಫ್ಟ್ ನಡೆಯುತ್ತದೆ. ದೇಶದ ಒಳ್ಳೆ ಒಳ್ಳೆ ಹದಿನೆಂಟರ ಹುಡುಗರನ್ನು ಕ್ಲಬ್ಬುಗಳು ಸರದಿಯ ಮೇಲೆ ಹೆಸರು ಕೂಗಿ ಆರಿಸಿಕೊಳ್ಳುತ್ತವೆ. ಯಾವ ಊರಿನ ಹುಡುಗ ಯಾವ ಊರಿಗೆ ಬೀಳುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಮನೆಯಲ್ಲಿ ಎಲ್ಲರೂ ತಬ್ಬಿಕೊಂಡು ಅಳುತ್ತಾರೆ, ಮಾರನೇ ವಾರ ಅವನು ಒಂದು ದೊಡ್ಡ ಚೀಲ ಹೊತ್ತು ನಮ್ಮ ಮೆಲ್ಬರ್ನಿನಲ್ಲಿ ಇಳಿಯುತ್ತಾನೆ. ಎರಡು ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ಅದೇ ಚೀಲ ಹೊತ್ತು ವಾಪಸ್ಸು. ಉಳಿದ ಒಬ್ಬಿಬ್ಬರ ಚಿತ್ರ ಟ್ರಾಮಿನ ಮೇಲೆ ಬರುತ್ತದೆ. ಜನಕ್ಕೆ ಕಾಣುವುದು ಟ್ರಾಮಿನ ಮೇಲಿನವರು. ಲಿಂಡ್ಸೆಗೆ ಎಲ್ಲರೂ ಕಾಣುತ್ತಿದ್ದರು.

ನಾನು ಅದೇ ಕ್ಲಬ್ಬಿನಲ್ಲಿ ಹುಡುಗರ ಕಾಲಿಗೆ ಪಟ್ಟಿ ಸುತ್ತುವವನು. ಮೇಜಿನ ಮೇಲೆ ಅಂಗಾತ ಮಲಗಿ ಹಿಮ್ಮಡಿ ಮೇಲೆತ್ತಿದವನು ಮಾತಾಡದೆ ಇರುವುದು ಕಡಿಮೆ. ಹೀಗಾಗಿ ಲಿಂಡ್ಸೆಯ ವಿಷಯ ನನಗೆ ಅವನ ಬಾಯಿಂದ ಗೊತ್ತಾದದ್ದಕ್ಕಿಂತ ಅವನ ಹುಡುಗರ ಬಾಯಿಂದ ಗೊತ್ತಾದದ್ದೇ ಜಾಸ್ತಿ.

ಉದ್ದ ಮುಖ, ಬಿಸಿಲಿಗೆ ಬೆಂದು ಸಿಪ್ಪೆ ಏಳುವ ಕಿವಿ, ಒಂದು ಕಡೆ ವಾಲಿ ನಡೆಯುವ ನಡಿಗೆ. ಪ್ರಾಯದಲ್ಲಿ ಅವನೂ ದೊಡ್ಡ ಲೀಗಿನಲ್ಲಿ ಒಂದು ಋತು ಆಡಿದ್ದ. ಮೊಣಕಾಲು ಹೋಯಿತು. ಆಮೇಲೆ ಮೊಣಕಾಲನ್ನು ಕಾಪಾಡಲು ಹೋಗಿ ಸೊಂಟ ಹೋಯಿತು. ಕೊರಳಲ್ಲಿ ಸೀಟಿ ನೇತಾಡುತ್ತಿದ್ದರೂ ಊದಿದ್ದನ್ನು ನಾನು ಕಂಡಿಲ್ಲ. ಹುಡುಗ ಒದ್ದದ್ದು ಸರಿಯಿದ್ದರೆ ‘ಹಾಂ’ ಎನ್ನುತ್ತಿದ್ದ, ತಪ್ಪಿದ್ದರೆ ‘ಹೂಂ’ ಎನ್ನುತ್ತಿದ್ದ. ಹುಡುಗರು ಅವನ ಬೆನ್ನ ಹಿಂದೆ ಹಾಂ ಹೂಂ ಮಾಡಿ ನಗುತ್ತಿದ್ದರು. ಅವನಿಗೆ ಗೊತ್ತಿತ್ತು. ಬೇಜಾರು ಮಾಡಿಕೊಳ್ಳುವಷ್ಟು ಶಕ್ತಿ ಇರಲಿಲ್ಲ ಎಂದು ಕಾಣುತ್ತದೆ.

ಅವನ ಹೆಂಡತಿ ನೊಲೀನ್ ಆಲ್ಟೋನಾದ ವೃದ್ಧಾಶ್ರಮದಲ್ಲಿ ನರ್ಸು. ಬುಧವಾರ ಹೊಸ ಹುಡುಗರಿಗೆಲ್ಲ ಅವಳ ಮನೆಯಲ್ಲಿ ಊಟ. ಕುರಿಯ ತೊಡೆ, ಹುರಿದ ಆಲೂಗಡ್ಡೆ, ಬಟಾಣಿ, ಆಮೇಲೆ ಕಸ್ಟರ್ಡ್ ಹಾಕಿದ ಸೇಬಿನ ಕಡುಬು. ತಟ್ಟೆ ತೊಳೆಯದೆ ಎದ್ದವನಿಗೆ ಮುಂದಿನ ಬುಧವಾರ ಬರೀ ಬಟಾಣಿ. ಕ್ಲಬ್ಬಿನ ಆಹಾರತಜ್ಞೆ ಒಮ್ಮೆ ಕಸ್ಟರ್ಡಿನ ಬಗ್ಗೆ ಏನೋ ಹೇಳಲು ಹೋಗಿದ್ದಳಂತೆ. ನೊಲೀನ್ ಅವಳಿಗೂ ಒಂದು ಬಟ್ಟಲು ಕೊಟ್ಟು ಕೂರಿಸಿದಳು.

ಈ ಮನೆಗೆ ಒಂದು ವರ್ಷ ಕ್ಲೆಮ್ ಕೂಕೆಲ್ ಬಂದ. ದಕ್ಷಿಣ ಆಸ್ಟ್ರೇಲಿಯಾದ ಐರ್ ಪೆನಿನ್ಸುಲಾದಲ್ಲಿ ಟಾರ್ಲಿ ಬೇ ಎಂಬ ಸಣ್ಣ ಊರಿನವನು. ಅಪ್ಪ ಅಮ್ಮ ಕೊಲ್ಲಿಯಲ್ಲಿ ತಿನ್ನುವ ಸಿಂಪಿ ಬೆಳೆಯುವವರು. ಹುಡುಗ ಮೊದಲ ಬುಧವಾರವೇ ಮಂಜುಗಡ್ಡೆಯ ಡಬ್ಬದಲ್ಲಿ ಸಿಂಪಿ ತಂದು ನೊಲೀನಳ ಅಡುಗೆಮನೆಯಲ್ಲಿ ನಿಂತು ಒಂದೊಂದೇ ಬಿಚ್ಚಿಕೊಟ್ಟ. ಉಳಿದ ಹುಡುಗರು ಅವನ ಹೆಸರನ್ನು ಕೂಕು ಮಾಡಿದರು. ಅವನು ಒಪ್ಪಿಕೊಂಡ. ಏನು ಹೇಳಿದರೂ ಒಪ್ಪಿಕೊಳ್ಳುವ ಹುಡುಗ ಅದು.

ಮೈದಾನಕ್ಕೆ ಇಳಿದ ದಿನ ಅವನ ಒದೆತ ನೋಡಿ ಎಲ್ಲರೂ ನಿಂತೇಬಿಟ್ಟರು. ನಮ್ಮ ಆಟದಲ್ಲಿ ಚೆಂಡನ್ನು ಎರಡು ಕೈಯಲ್ಲಿ ಹಿಡಿದು, ಒಂದು ಕೈಯಿಂದ ನೆಟ್ಟಗೆ ಕಾಲಿನ ಮೇಲೆ ಇಳಿಬಿಟ್ಟು ಒದೆಯಬೇಕು. ಕ್ಲೆಮ್ ಅದನ್ನು ಸೊಂಟದ ಪಕ್ಕಕ್ಕೆ ಒಯ್ದು, ಕೋಳಿ ಎಸೆದಂತೆ ಓರೆಯಾಗಿ ಎಸೆದು, ಎಡಗಾಲನ್ನು ಹೊರಗಿಂದ ಸುತ್ತಿ ತಂದು ಹೊಡೆಯುತ್ತಿದ್ದ. ನೋಡಿದರೆ ಹುಡುಗ ಎಡವಿ ಬಿದ್ದ ಎನ್ನಬೇಕು. ಚೆಂಡು ಮಾತ್ರ ತಲೆ ಎತ್ತರದಲ್ಲಿ ಸೀದಾ ಹೋಗಿ, ಎಲ್ಲಿ ಬೇಕೋ ಅಲ್ಲಿ ಬೀಳುತ್ತಿತ್ತು.

“ಹಾಂ,” ಅಂದ ಲಿಂಡ್ಸೆ.

ಪಕ್ಕದಲ್ಲಿ ಮುಖ್ಯ ಕೋಚ್ ಗ್ರಾಂಟ್ ಹ್ಯಾಲಂ ನಿಂತಿದ್ದ. “ಏನ್ ಹಾಂ? ಅದನ್ನ ಮೊದಲು ತಿದ್ದು.”

“ಹೋಗ್ಬೇಕಾದ ಕಡೆ ಹೋಗ್ತಿದೆಯಲ್ಲ, ಗ್ರಾಂಟ್.”

“ಇವತ್ತು ಹೋಗುತ್ತೆ. ನಾಳೆ ದೊಡ್ಡ ಮೈದಾನದಲ್ಲಿ, ಮೇಲೆ ಇಬ್ಬರು ಬಿದ್ದಾಗ? ಟೀವಿಯವರು ಅದನ್ನ ನಿಧಾನವಾಗಿ ಹತ್ತು ಸಲ ತೋರಿಸ್ತಾರೆ ಮಾರಾಯ. ನಾನು ಆಮೇಲೆ ಕೂತು ಉತ್ತರ ಕೊಡ್ಬೇಕು.”

“ಒಂದು ವರ್ಷ ಹಾಗೇ ಬಿಟ್ಟು ನೋಡೋಣ ಅಂತ.”

“ಬಿಟ್ಟು ನೋಡೋಕೆ ನಿನ್ಯಾಕೆ ಇಟ್ಕೊಂಡಿದೀವಿ?”

ಹ್ಯಾಲಂ ಕೆಟ್ಟ ಮನುಷ್ಯನಲ್ಲ. ಅವನ ತಲೆಯ ಮೇಲೂ ಕತ್ತಿ ತೂಗುತ್ತಿತ್ತು, ಸೋತ ಪ್ರತಿ ಸೋಮವಾರ ಇನ್ನಷ್ಟು ಕೆಳಗೆ ಇಳಿಯುತ್ತಿತ್ತು. ಲಿಂಡ್ಸೆ ಮತ್ತೆ ವಾದಿಸಲಿಲ್ಲ. ಮೊದಲಿನ ವರ್ಷಗಳಲ್ಲಿ ವಾದಿಸುತ್ತಿದ್ದ, ಬಾಗಿಲು ಬಡಿದು ಹೊರಗೆ ಬಂದದ್ದನ್ನೂ ನಾನು ಕಂಡಿದ್ದೇನೆ. ಯಾವಾಗ ನಿಲ್ಲಿಸಿದ ಎಂದು ನನಗೂ ಸರಿಯಾಗಿ ನೆನಪಿಲ್ಲ.

ಮರುದಿನದಿಂದ ತಿದ್ದುವ ಕೆಲಸ ಶುರುವಾಯಿತು. ಹುಡುಗನನ್ನು ಹುಲ್ಲಿನ ಮೇಲೆ ಮಂಡಿಯೂರಿಸಿ ಬರೀ ಚೆಂಡು ಇಳಿಬಿಡಲು ಹೇಳಿದ. ಒದೆಯುವಂತಿಲ್ಲ, ಬೀಳಿಸುವುದು ಅಷ್ಟೇ. ನೆಟ್ಟಗೆ ಬಿದ್ದು ನೆಟ್ಟಗೆ ಕೈಗೆ ಬರಬೇಕು. ಚಳಿಗಾಲ ಬಂದ ಮೇಲೆ ಮೆಲ್ಬರ್ನಿನ ಕೊಲ್ಲಿಯ ಕಡೆಯಿಂದ ಬೀಸುವ ಚಳಿಗಾಳಿಯಲ್ಲಿ ಉಳಿದವರೆಲ್ಲ ಸ್ನಾನಕ್ಕೆ ಹೋದ ಮೇಲೂ ಇವರಿಬ್ಬರು ಅಲ್ಲೇ. ಲಿಂಡ್ಸೆ ವಾಲಿಕೊಂಡು ನಿಂತಿರುತ್ತಿದ್ದ, ಕ್ಲೆಮ್ ಪ್ರಾರ್ಥನೆಗೆ ಕೂತವನ ಹಾಗೆ ಮಂಡಿಯೂರಿರುತ್ತಿದ್ದ. ಆಮೇಲೆ ನಿಂತು ಒದೆತ, ಆಮೇಲೆ ನಡೆಯುತ್ತ, ಆಮೇಲೆ ಓಡುತ್ತ. ಬೇರೆ ಹುಡುಗನಾಗಿದ್ದರೆ ನಡುವೆ ಎಲ್ಲೋ ಚೆಂಡನ್ನು ಬೇಲಿಯಾಚೆ ಒದ್ದು ‘ಹೋಗಯ್ಯಾ’ ಅನ್ನುತ್ತಿದ್ದ. ಕ್ಲೆಮ್ ಅನ್ನಲಿಲ್ಲ. ಬಿಡುವಿನ ದಿನವೂ ಬರುತ್ತಿದ್ದ.

ಎರಡನೇ ಚಳಿಗಾಲಕ್ಕೆ ಅವನ ಒದೆತ ನೋಡಲು ಚೆಂದವಾಯಿತು. ಅಭ್ಯಾಸದಲ್ಲಿ ಚೆಂಡು ಕಾಲಿನಿಂದ ಹೊರಟು, ಹಿಮ್ಮುಖವಾಗಿ ತಿರುಗುತ್ತ ಎತ್ತರಕ್ಕೆ ಏರಿ, ಮೃದುವಾಗಿ ಇಳಿಯುತ್ತಿತ್ತು. ಹ್ಯಾಲಂ ಲಿಂಡ್ಸೆಯ ಬೆನ್ನು ತಟ್ಟಿದ.

ಆದರೆ ಶನಿವಾರ ಎರಡನೇ ತಂಡದ ಪಂದ್ಯಕ್ಕೆ ಇಳಿದರೆ ಏನೋ ಆಗುತ್ತಿತ್ತು. ಚೆಂಡು ಕೈಗೆ ಸಿಕ್ಕಿದ ಕೂಡಲೇ ಅವನು ಒಂದು ಗಳಿಗೆ ನಿಲ್ಲುತ್ತಿದ್ದ. ಕೈ ಸೊಂಟದ ಕಡೆ ಹೊರಡುತ್ತಿತ್ತು, ಯಾರೋ ಕರೆದಂತೆ ಮುಂದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಎದುರಾಳಿ ಮೈಮೇಲೆ. ಬಿಡಿಸಿಕೊಂಡು ಒದ್ದರೂ ಚೆಂಡು ಮೊಣಕಾಲಿಗೆ ತಾಗಿ ಪಕ್ಕಕ್ಕೆ ಚಿಮ್ಮುತ್ತಿತ್ತು. ಬೇಲಿಗೆ ಒರಗಿದ ಮುದುಕರು ಕೂಗುತ್ತಿದ್ದರು, “ಏಯ್ ಕೂಕು, ಅಂಚೆಯಲ್ಲಿ ಕಳಿಸೋ, ಬೇಗ ತಲುಪುತ್ತೆ!” ಅರ್ಧ ಆಟದ ವಿರಾಮದಲ್ಲಿ ಅವನ ಹಿಮ್ಮಡಿಗೆ ಮತ್ತೆ ಪಟ್ಟಿ ಸುತ್ತುವಾಗ ನಾನು, “ಏನಾಗುತ್ತಪ್ಪಾ ನಿಂಗೆ?” ಎಂದು ಕೇಳಿದೆ.

“ಗೊತ್ತಿಲ್ಲ. ಒಳಗೆ ಇಬ್ಬರು ಜಗಳ ಆಡ್ತಾರೆ,” ಅಂದ. ನಕ್ಕ. ನನಗೆ ನಗಲು ಆಗಲಿಲ್ಲ.

ನೊಲೀನ್ ಬುಧವಾರದ ಊಟದಲ್ಲಿ ಇನ್ನೊಂದು ಕಂಡಿದ್ದಳು. ಹುಡುಗ ಒಂದು ಕೈಯಲ್ಲಿ ಊಟ ಮಾಡುತ್ತಿದ್ದ, ಇನ್ನೊಂದು ಕೈ ಮೇಜಿನ ಕೆಳಗೆ ಇಲ್ಲದ ಚೆಂಡನ್ನು ಇಳಿಬಿಡುತ್ತಲೇ ಇತ್ತು.

“ಆ ಹುಡುಗನ ಕೈಗೆ ರಜಾ ಕೊಡು, ಲಿನ್,” ಅಂದಳಂತೆ, ಪಾತ್ರೆ ಒರೆಸುತ್ತ.

“ಇನ್ನೇನು, ಹೊಸ ಒದೆತ ಮೈಗೆ ಕೂತ್ಕೊಳ್ಳೋ ಹಂತಕ್ಕೆ ಬಂದಿದೆ.”

“ಅದನ್ನೇ ನೀನು ಹೋದ ವರ್ಷವೂ ಅಂದೆ.”

ಕೂತುಕೊಳ್ಳಲಿಲ್ಲ. ಮೂರನೇ ವರ್ಷದ ಸೆಪ್ಟೆಂಬರಿನಲ್ಲಿ, ಮೊದಲ ತಂಡಕ್ಕೆ ಒಮ್ಮೆಯೂ ಇಳಿಯದಿದ್ದ ಕ್ಲೆಮ್‌ನನ್ನು ಕೋಚ್ ಕೋಣೆಗೆ ಕರೆದರು. ಆ ಕೋಣೆಯಲ್ಲಿ ಹ್ಯಾಲಂ ಇದ್ದ, ತಂಡಕ್ಕೆ ಆಟಗಾರರನ್ನು ಆರಿಸುವ ಅಧಿಕಾರಿ ಇದ್ದ, ಯಾವಾಗಲೂ ಇರುವಂತೆ ಮೂಲೆಯ ಕುರ್ಚಿಯಲ್ಲಿ ಲಿಂಡ್ಸೆಯೂ ಇದ್ದ. ಮುಂದಿನ ವರ್ಷಕ್ಕೆ ಜಾಗವಿಲ್ಲ ಎಂಬುದನ್ನು ಹ್ಯಾಲಂ ಬೇಗ ಹೇಳಿ ಮುಗಿಸಿದ. ಹುಡುಗ ಎದ್ದು ಮೂವರ ಕೈ ಕುಲುಕಿ, “ಅವಕಾಶ ಕೊಟ್ಟದ್ದಕ್ಕೆ ಥ್ಯಾಂಕ್ಸ್,” ಅಂದ. ಆಮೇಲೆ ನನ್ನ ಕೋಣೆಗೂ ಬಂದು ನನಗೂ ಅದನ್ನೇ ಹೇಳಿದ. ನಾನು ಅವನಿಗೆ ಯಾವ ಅವಕಾಶ ಕೊಟ್ಟಿದ್ದೆನೋ!

ವಿಮಾನ ನಿಲ್ದಾಣಕ್ಕೆ ಲಿಂಡ್ಸೆಯೇ ಕರೆದುಕೊಂಡು ಹೋದ. ದಾರಿಯಲ್ಲಿ ಹುಡುಗ ಊರಿನ ವಿಷಯ, ಅಪ್ಪನ ದೋಣಿಯ ವಿಷಯ ಮಾತಾಡಿಕೊಂಡು ಬಂದನಂತೆ. ನಿಲ್ದಾಣದ ತಿರುವಿನಲ್ಲಿ ದನಿ ಏನೂ ಬದಲಿಸದೆ ಕೇಳಿದ:

“ಲಿನ್, ಊರಲ್ಲಿ ಬೇಸಿಗೆ ಕಳೆದ ಮೇಲೆ ಆಡ್ತೀನಲ್ಲ, ಆಗ ಯಾವ ಒದೆತ ಒದೀಲಿ? ಹಳೇದನ್ನೋ, ನೀವು ಹೇಳ್ಕೊಟ್ಟದ್ದನ್ನೋ?”

ಅವನು ಚುಚ್ಚಲು ಕೇಳಿರಲಿಲ್ಲ. ಮೂರು ವರ್ಷ ಕೇಳಿದ ಹಾಗೇ, ಹೇಳಿದರೆ ಹಾಗೇ ಮಾಡುತ್ತೇನೆ ಎಂಬಂತೆ ಕೇಳಿದ್ದ. ಲಿಂಡ್ಸೆ ಬಾಡಿಗೆ ಕಾರುಗಳ ಸಾಲಿಗೆ ನುಗ್ಗಿ, ಹಿಂದಿನವರ ಹಾರ್ನ್ ಕೇಳಿ, ಸುತ್ತು ಹಾಕಿ ಮತ್ತೆ ಬಂದು ನಿಲ್ಲಿಸಿದ. ಚೀಲ ಇಳಿಸಿಕೊಟ್ಟ.

ನವೆಂಬರಿನಲ್ಲಿ ಮತ್ತೆ ಹೊಸ ಹುಡುಗರು ಬಂದರು. ಲಿಂಡ್ಸೆ ಅವರನ್ನೂ ಕರೆತಂದ, ಮನೆ ತೋರಿಸಿದ, ಬಟ್ಟೆ ಒಗೆಯುವ ಯಂತ್ರ ಹೇಗೆ ತಿರುಗಿಸುವುದೆಂದು ಹೇಳಿಕೊಟ್ಟ. ಮೈದಾನದಲ್ಲಿ ಮಾತ್ರ ಹಾಂ ಹೂಂ ಕೂಡ ಕಡಿಮೆಯಾಯಿತು. ಹುಡುಗರು ನನ್ನ ಮೇಜಿನ ಮೇಲೆ ಮಲಗಿ, “ಮುದುಕನಿಗೆ ಹುಷಾರಿಲ್ವಾ?” ಎಂದು ಕೇಳತೊಡಗಿದರು. ನಾನು ಅವನ ಸೊಂಟನೋವಿನ ಮೇಲೆ ಹಾಕಿ ಮಾತು ತೇಲಿಸಿದೆ. ಅವನು ಕಾರಿನಲ್ಲಿ ಕೂತು, ಕೀಲಿ ತಿರುಗಿಸದೆ, ಸುಮ್ಮನೆ ಗಾಜಿನಾಚೆ ನೋಡುತ್ತ ಇರುವುದನ್ನು ನಾನೇ ಎಷ್ಟೋ ಸಂಜೆ ಕಂಡಿದ್ದೆ.

ಜೂನ್ ತಿಂಗಳಲ್ಲಿ ಕ್ಲೆಮ್‌ನ ಅಮ್ಮ ಜನೆಲ್ ಫೋನ್ ಮಾಡಿದಳು. ಅವಳೂ ನೊಲೀನಳೂ ಮೂರು ವರ್ಷದಲ್ಲಿ ಗೆಳತಿಯರಾಗಿದ್ದರು. ಹುಡುಗ ಊರಿನ ತಂಡಕ್ಕೆ ನಾಲ್ಕು ಪಂದ್ಯ ಆಡಿ ಬಿಟ್ಟುಬಿಟ್ಟಿದ್ದಾನೆ, ಬೂಟು ಶೆಡ್ಡಿನ ಮಾಡಿನ ಮೇಲೆ ಎಸೆದಿದ್ದಾನೆ, ಹಗಲೆಲ್ಲ ಸಿಂಪಿ ತೊಳೆಯುತ್ತಾನೆ, ಮಾತು ಕಡಿಮೆ ಎಂದಳಂತೆ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಲಿಂಡ್ಸೆ ಆಮೇಲೆ ನನಗೆ ಹೇಳಿದ.

ಮುಂದಿನ ವಾರ ನಮ್ಮ ತಂಡಕ್ಕೆ ಪಂದ್ಯ ಇರಲಿಲ್ಲ. ನೊಲೀನ್ ತೀರ್ಮಾನ ಮಾಡಿಬಿಟ್ಟಳು. “ಹೋಗಿ ಬಾ. ಇಲ್ಲಿ ಕಾರಲ್ಲಿ ಕೂತು ಗೋಡೆ ನೋಡೋದನ್ನ ಬಿಟ್ಟು ಅಲ್ಲಿ ಕೂತು ಸಮುದ್ರ ನೋಡು.” ಒಬ್ಬನೇ ಓಡಿಸಿದರೆ ಸೊಂಟ ಕೈಕೊಡುತ್ತದೆ ಎಂದು ನನ್ನನ್ನೂ ಹತ್ತಿಸಿದಳು. ದಾರಿಗೆಂದು ಮಾಂಸದ ಕಡುಬು ಕಟ್ಟಿಕೊಟ್ಟಳು.

ಎರಡು ದಿನದ ದಾರಿ. ಅಡಿಲೇಡ್ ದಾಟಿ, ಪೋರ್ಟ್ ಅಗಸ್ಟಾದಲ್ಲಿ ಕೊಲ್ಲಿಯ ತಲೆ ಸುತ್ತಿ ಮತ್ತೆ ಕೆಳಗೆ ಇಳಿಯಬೇಕು. ಲಿಂಡ್ಸೆ ಹೆಚ್ಚು ಮಾತಾಡಲಿಲ್ಲ. ಎಲ್ಲೋ ಉಪ್ಪುಪೊದೆಗಳ ನಡುವೆ ಒಮ್ಮೆ ಮಾತ್ರ, “ಅವನು ಬಂದ ದಿನ ನಾನು ಹಾಂ ಅಂದಿದ್ದೆ ಕಣೋ, ನಿಂಗೆ ನೆನಪಿದೆಯಾ?” ಎಂದ. ನೆನಪಿದೆ ಅಂದೆ.

ಟಾರ್ಲಿ ಬೇ ತಲುಪಿದಾಗ ಗುರುವಾರ ಇಳಿಹೊತ್ತು. ಊರಿನ ಮೈದಾನ ಕಡಲಿಗೆ ಅಂಟಿಕೊಂಡೇ ಇದೆ. ಕಾರಿನ ಬಾಗಿಲು ತೆಗೆಯಲು ಹೋದರೆ ಗಾಳಿ ಕಿತ್ತುಕೊಂಡಿತು. ಮೆಲ್ಬರ್ನಿನ ಗಾಳಿಯನ್ನೇ ಇಷ್ಟು ವರ್ಷ ಗಾಳಿ ಎಂದುಕೊಂಡಿದ್ದೆ. ಇದು ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಿತ್ತು. ಮೈದಾನದಲ್ಲಿ ಊರಿನ ಗಂಡಸರ ತಂಡ, ಹೆಂಗಸರ ತಂಡ, ಶಾಲೆಯ ಮಕ್ಕಳು, ಎಲ್ಲ ಅಭ್ಯಾಸಕ್ಕೆ ಇಳಿದಿದ್ದರು.

ಎಲ್ಲರೂ ಕ್ಲೆಮ್‌ನ ಹಾಗೇ ಒದೆಯುತ್ತಿದ್ದರು.

ಬಲಗಾಲಿನವರು ಬಲಕ್ಕೆ, ಎಡಗಾಲಿನವರು ಎಡಕ್ಕೆ, ಚೆಂಡನ್ನು ಸೊಂಟದ ಮರೆಗೆ ಒಯ್ದು, ಗಾಳಿಗೆ ಬೆನ್ನು ಕೊಟ್ಟು, ಓರೆಯಾಗಿ ಎಸೆದು, ಹೊರಗಿಂದ ಸುತ್ತಿ ಬಡಿಯುವುದು. ಚೆಂಡು ತಲೆ ಎತ್ತರ ಬಿಟ್ಟು ಮೇಲೇರದು. ಏರಿದರೆ ಗಾಳಿ ಅದನ್ನು ಮ್ಯಾಂಗ್ರೋವ್ ಪೊದೆಗೆ ಒಯ್ಯುತ್ತದೆ, ಯಾರಾದರೂ ಕೆಸರಿಗೆ ಇಳಿದು ತರಬೇಕು. ಅಷ್ಟೇ ವಿಷಯ. ಆ ಊರಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ವಿಷಯ.

ಲಿಂಡ್ಸೆ ಮೊದಲು ಜೋರಾಗಿ ನಕ್ಕ. ಆಮೇಲೆ ಬೇಲಿಯ ಕಂಬಿ ಹಿಡಿದುಕೊಂಡು ನಿಧಾನಕ್ಕೆ ಹುಲ್ಲಿನ ಮೇಲೆ ಕೂತ.

ಬೇಲಿಯ ಬಳಿ ಕುರಿಚರ್ಮದ ಟೋಪಿ ಹಾಕಿದ ಒಬ್ಬ ಮುದುಕ ನಿಂತಿದ್ದ. ನಾವು ಮೆಲ್ಬರ್ನಿನವರು ಎಂದು ಗೊತ್ತಾದ ಮೇಲೆ ತಾನೇ ಶುರುಮಾಡಿದ. “ನಮ್ಮ ಕೂಕೆಲ್ ಹುಡುಗನನ್ನ ಕಳಿಸಿದ್ವಿ. ನಿಮ್ಮವರು ಅವನಿಗೆ ಮೆಲ್ಬರ್ನ್ ಕಾಲು ಹಾಕಿ ಕಳಿಸಿದ್ರು. ಏಪ್ರಿಲಿನಲ್ಲಿ ಇಲ್ಲಿ ಒದ್ದ ನೋಡಿ, ಚೆಂದ ಅಂದ್ರೆ ಚೆಂದ, ಚರ್ಚಿನ ಗೋಪುರದಷ್ಟು ಎತ್ತರ. ಚೆಂಡು ಇನ್ನೂ ಬಂದಿಲ್ಲ.” ಸುತ್ತ ನಿಂತವರು ನಕ್ಕರು. ಆ ಮಾತನ್ನು ಅವರು ಬಹಳ ಸಲ ಆಡಿ ಸವೆಸಿದ್ದರು. ಅದನ್ನು ಕ್ಲೆಮ್ ಎದುರಿಗೂ ಆಡಿರಲೇಬೇಕು.

ಬೆಳಿಗ್ಗೆ ನಾವು ಸಿಂಪಿ ಶೆಡ್ಡಿಗೆ ಹೋದೆವು. ಕ್ಲೆಮ್ ರಬ್ಬರ್ ಅಂಗಿ ತೊಟ್ಟು, ಬುಟ್ಟಿಯ ಸಿಂಪಿಗಳನ್ನು ಅಳತೆ ನೋಡಿ ವಿಂಗಡಿಸುತ್ತಿದ್ದ. ನಮ್ಮನ್ನು ಕಂಡು ಕೈ ಒರೆಸಿಕೊಂಡು ಬಂದು ಕುಲುಕಿದ. ಮತ್ತೆ ಹೋಗಿ ಕೆಲಸಕ್ಕೆ ನಿಂತ. ಲಿಂಡ್ಸೆ ತಲೆ ತಗ್ಗಿಸಿ ಹೇಳಿದ:

“ನೀನು ಬಂದ ಮೊದಲ ದಿನವೇ ನಂಗೆ ಗೊತ್ತಿತ್ತು ಕ್ಲೆಮ್, ನಿನ್ನ ಒದೆತದಲ್ಲಿ ತಪ್ಪಿಲ್ಲ ಅಂತ. ಒಂದು ಸಲ ಗ್ರಾಂಟ್‌ಗೆ ಬಾಯಿಬಿಟ್ಟು ಹೇಳ್ದೆ. ಆಮೇಲೆ ಹೇಳ್ಲಿಲ್ಲ.”

ಹುಡುಗನ ಕೈ ನಿಂತಿತು. “ಯಾಕೆ ಹೇಳ್ಲಿಲ್ಲ?”

“ಸುಸ್ತಾಗಿತ್ತು.”

“ಸುಸ್ತಾಗಿತ್ತಾ?” ಕ್ಲೆಮ್ ಕೈಯಲ್ಲಿದ್ದ ಸಿಂಪಿಯನ್ನು ಬುಟ್ಟಿಗೆ ಬೀಸಿ ಎಸೆದ. “ನಾನು ಮಂಡಿಯೂರಿ ಕೂತಿದ್ದೆ, ನಿಂಗೆ ಸುಸ್ತಾಗಿತ್ತಾ? ನೀನು ಬೇಡ ಅಂದಿದ್ರೆ ನಾನು ಅವತ್ತೇ ಬಿಡ್ತಿದ್ದೆ! ನೀನು ಹೇಳಿದ್ದನ್ನೆಲ್ಲ ಮಾಡ್ದೆ. ಇಲ್ಲಿ ಮಕ್ಕಳು ನನ್ನ ನೋಡಿ ನಗ್ತಾರೆ. ಅಲ್ಲಿ ನಗ್ತಿದ್ರು, ಇಲ್ಲೂ ನಗ್ತಾರೆ. ಎಲ್ಲಿಗೆ ಹೋಗ್ಲಿ ನಾನು?”

ಮೂರು ವರ್ಷದಲ್ಲಿ ಆ ಹುಡುಗ ದನಿ ಎತ್ತಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಲಿಂಡ್ಸೆ ಪೂರ್ತಿ ಕೇಳಿಸಿಕೊಂಡ. ತಪ್ಪಾಯಿತು ಎಂದ. ಅಷ್ಟು ದೂರ ಬಂದದ್ದಕ್ಕೆ ಅದು ಬಹಳ ಸಣ್ಣ ಮಾತು ಎಂದು ಅವನಿಗೂ ಅನ್ನಿಸಿರಬೇಕು. ಹೊರಗೆ ಬಂದು ದೋಣಿ ಕಟ್ಟುವ ಕಟ್ಟೆಯ ಮೇಲೆ ಕೂತ.

ಜನೆಲ್ ಬಿಸಿ ಚಹಾ ತಂದಳು. ದಪ್ಪ ಮೈಯ, ಕೆಂಪು ಕೈಯ, ದೊಡ್ಡ ದನಿಯ ಹೆಂಗಸು. ಒಳಗಿನ ಕೂಗಾಟವೆಲ್ಲ ಅವಳಿಗೆ ಕೇಳಿಸಿತ್ತು. “ಸದ್ಯ, ಬಾಯಿ ಬಿಟ್ನಲ್ಲ,” ಅಂದಳು.

ಲಿಂಡ್ಸೆ ಲೋಟ ಕೆಳಗಿಟ್ಟು ಕೇಳಿದ, “ಜನೆಲ್, ನಿನಗೂ ಹಾಗೆ ಒದೆಯೋಕೆ ಬರುತ್ತಾ?”

“ಬರದೆ ಏನು? ನಾನು ಈ ಊರಿನವಳಲ್ವಾ?”

“ನಂಗೆ ಹೇಳ್ಕೊಡು.”

ಅವಳು ಅವನ ಸೊಂಟದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಗಾಡಿಯಿಂದ ಒಂದು ಹಳೆಯ ಚೆಂಡು ತೆಗೆದುಕೊಂಡು, ಮೊಣಕಾಲುದ್ದದ ರಬ್ಬರ್ ಬೂಟಿನಲ್ಲೇ ಮೈದಾನಕ್ಕೆ ನಡೆದಳು.

ಆ ಬೆಳಗ್ಗೆ ನಾನು ಕಂಡದ್ದನ್ನು ಕ್ಲಬ್ಬಿನಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ನೂರಾರು ಹುಡುಗರಿಗೆ ಒದೆಯಲು ಕಲಿಸಿದ ಮನುಷ್ಯ, ಸಿಂಪಿ ತೊಳೆಯುವ ಹೆಂಗಸಿನ ಕೈಲಿ ಬೈಸಿಕೊಳ್ಳುತ್ತ ನಿಂತಿದ್ದ. “ಅಷ್ಟು ಮೇಲೆ ಯಾಕೆ ಹಿಡೀತೀಯ? ಮಗುನಾ ಅದು? ಗಾಳಿಗೆ ತೋರಿಸ್ಬೇಡ. ಬಚ್ಚಿಡು, ಬಚ್ಚಿಡು... ಅಯ್ಯೋ ದೇವರೇ!” ಲಿಂಡ್ಸೆ ಒದ್ದ ಚೆಂಡು ಅವನ ತಲೆಯ ಮೇಲಿಂದಲೇ ಹಿಂದಕ್ಕೆ ಹೋಯಿತು. ನಾನು ಓಡಿ ಓಡಿ ತಂದುಕೊಟ್ಟೆ. ಮತ್ತೆ ಒದ್ದ. ಒಂದು ಸಲ ಕಾಲು ಸುತ್ತಿ ತರುವಾಗ ಸೊಂಟ ಹಿಡಿದು ಹಾಗೇ ಪಕ್ಕಕ್ಕೆ ಉರುಳಿದ. ಎದ್ದ. ಮತ್ತೆ ಒದ್ದ. ಮುಖ ಬೂದಿಯಾಗಿತ್ತು. ಸಾಕು ಮಾಡು ಅಂದೆ. ಕೇಳಲಿಲ್ಲ.

ಕ್ಲೆಮ್ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆಮೇಲೆ ಬೇಲಿಯ ತನಕ ಬಂದ. ಆಮೇಲೆ ಬೇಲಿ ದಾಟಿದ.

“ಅಮ್ಮಾ, ಅವನ ಸೊಂಟ ಮುರೀತೀಯ ನೀನು! ತಪ್ಪು ಹೇಳ್ಕೊಡ್ತಿದೀಯ ಬೇರೆ. ಅವನು ನಿನ್ನ ಹಾಗೆ ಗಿಡ್ಡ ಇಲ್ಲ, ಭುಜ ಮೊದಲು ತಿರುಗ್ಬೇಕು.”

“ಹಾಗಾದ್ರೆ ನೀನೇ ಹೇಳ್ಕೊಡಪ್ಪಾ ದೊಡ್ಡ ಮನುಷ್ಯ,” ಎಂದು ಜನೆಲ್ ಚೆಂಡನ್ನು ಅವನ ಎದೆಗೆ ಎಸೆದಳು.

ಅವನು ಲಿಂಡ್ಸೆಯ ಹಿಂದೆ ನಿಂತು ಭುಜ ಹಿಡಿದು ತಿರುಗಿಸಿದ, ಕೈಯನ್ನು ಸೊಂಟದ ಪಕ್ಕಕ್ಕೆ ತಂದಿಟ್ಟ. “ಹೀಗೆ. ಬಿಡ್ಬೇಡ, ಎಸಿ. ಕಾಲಿನ ಕಡೆ ನೋಡ್ಬೇಡ.” ಲಿಂಡ್ಸೆ ಒದ್ದದ್ದು ಪಕ್ಕಕ್ಕೆ ಹಾರಿತು. “ಹಾಗಲ್ಲ ಮಾರಾಯ, ಹೀಗೆ ನೋಡು,” ಎಂದು ಕ್ಲೆಮ್ ಚೆಂಡು ತೆಗೆದುಕೊಂಡು ತೋರಿಸಲು ಒದ್ದ. ಮೊದಲನೆಯದು ಎರಡೂ ಅಲ್ಲದ ಒದೆತ, ಮೇಲೇರಿ ಗಾಳಿಯ ಪಾಲಾಯಿತು. ಅವನ ಮುಖ ಸಣ್ಣದಾಯಿತು. ಲಿಂಡ್ಸೆ ಹೂಂ ಅನ್ನಲಿಲ್ಲ. “ನಂಗೆ ಭುಜದ ವಿಷಯ ಅರ್ಥ ಆಗ್ಲಿಲ್ಲ, ಇನ್ನೊಂದು ಸಲ ತೋರಿಸು,” ಅಂದ.

ಹೀಗೆ ಮಧ್ಯಾಹ್ನದವರೆಗೆ ನಡೆಯಿತು. ಲಿಂಡ್ಸೆಗೆ ಕಲಿಸುವ ಸಿಟ್ಟಿನಲ್ಲಿ ಹುಡುಗ ತನ್ನ ಕೈಯನ್ನು ಮರೆತಿದ್ದಾಗ, ಒಮ್ಮೊಮ್ಮೆ ಚೆಂಡು ಹಳೆಯ ಹಾಗೆ ತಲೆಯೆತ್ತರದಲ್ಲಿ ಗಾಳಿ ಸೀಳಿಕೊಂಡು ಹೋಗುತ್ತಿತ್ತು. ಮರುಗಳಿಗೆ ಮತ್ತೆ ತಪ್ಪುತ್ತಿತ್ತು. ಪೂರ್ತಿ ವಾಪಸ್ಸು ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಲಿಂಡ್ಸೆಗಂತೂ ಕೊನೆಯವರೆಗೂ ಬರಲಿಲ್ಲ. ಸಂಜೆ ಜನೆಲ್ ಬೆಣ್ಣೆಯಲ್ಲಿ ಕರಿದ ಮೀನು ಬಡಿಸಿದಳು. ಲಿಂಡ್ಸೆಗೆ ಕುರ್ಚಿಯಿಂದ ಏಳಲು ಆಗದೆ ನಾನೂ ಕ್ಲೆಮ್ಮೂ ಆಚೀಚೆ ಹಿಡಿದು ಹಾಸಿಗೆಗೆ ಒಯ್ದೆವು. “ಇವನ ತೂಕ ನೋಡು,” ಎಂದು ಹುಡುಗ ಗೊಣಗಿದ. ಅವರಿಬ್ಬರ ನಡುವೆ ಕ್ಷಮೆಯ ಮಾತು ಬೇರೆ ಬಂದದ್ದು ನನಗೆ ತಿಳಿದಿಲ್ಲ.

ಮುಂದಿನ ಋತುವಿನಲ್ಲಿ ಕ್ಲೆಮ್ ಊರಿನ ತಂಡಕ್ಕೆ ಮರಳಿದ. ದೊಡ್ಡ ಲೀಗಿನಿಂದ ಮತ್ತೆ ಯಾರೂ ಕರೆಯಲಿಲ್ಲ, ಅವನೂ ಕಾಯಲಿಲ್ಲ. ದಣಿದ ದಿನ ಈಗಲೂ ಮೆಲ್ಬರ್ನ್ ಕಾಲು ಹೊರಗೆ ಬರುತ್ತದಂತೆ, ಬೇಲಿಯವರು ನಗುತ್ತಾರಂತೆ, ಇವನೂ ಬೈಯುತ್ತಾನಂತೆ. ಬೈಯಲು ಕಲಿತದ್ದು ಒಳ್ಳೆಯದಾಯಿತು ಎಂದು ಜನೆಲ್ ಹೇಳುತ್ತಾಳೆ.

ಲಿಂಡ್ಸೆ ವಾಪಸ್ಸು ಬಂದು ಹ್ಯಾಲಂನ ಕೋಣೆಗೆ ಹೋಗಿ ಕಂಡದ್ದನ್ನು ಹೇಳಿದ. ಹ್ಯಾಲಂ ಪೆನ್ನು ತಿರುಗಿಸುತ್ತ, “ನಮ್ಮ ಮೈದಾನದಲ್ಲಿ ಅಂಥ ಗಾಳಿ ಇಲ್ಲವಲ್ಲ, ಲಿನ್,” ಅಂದ. ಅದೂ ನಿಜವೇ. ಆ ವರ್ಷದ ಹೊಸ ಹುಡುಗರಲ್ಲಿ ಓಡುವ ರೀತಿ ವಿಚಿತ್ರವಾಗಿದ್ದ ಒಬ್ಬನಿದ್ದ. ಅವನನ್ನು ತಿದ್ದು ಎಂದಾಗ ಲಿಂಡ್ಸೆ ಆಗಲ್ಲ ಅಂದ. ಬಾಗಿಲು ಬಡಿಯಲಿಲ್ಲ, ದನಿ ಎತ್ತಲಿಲ್ಲ. ಆಗಲ್ಲ ಅಂದ, ಅಷ್ಟೇ. ಆ ಹುಡುಗನೇನೂ ಮಹಾ ಆಟಗಾರನಾಗಲಿಲ್ಲ, ಸಾಧಾರಣವಾಗಿ ಆಡಿಕೊಂಡಿದ್ದಾನೆ. ಎರಡು ವರ್ಷದ ಮೇಲೆ ಹ್ಯಾಲಂನನ್ನು ತೆಗೆದರು. ಹೊಸದಾಗಿ ಬಂದವನು ತನ್ನ ಕಡೆಯವರನ್ನು ತಂದುಕೊಂಡ, ಲಿಂಡ್ಸೆಯನ್ನೂ ಆ ಕೋಣೆಗೆ ಕರೆದರು. ಈ ಸಲ ಎದುರಿನ ಕುರ್ಚಿಯಲ್ಲಿ ಅವನೇ. ಬೀಳ್ಕೊಡುಗೆ ಎಂದು ಚೌಕಟ್ಟು ಹಾಕಿಸಿದ ಒಂದು ಜೆರ್ಸಿ ಕೊಟ್ಟರು. ಹೊರಗೆ ಬಂದು ನನ್ನ ಮೇಜಿನ ಮೇಲೆ ಉದ್ದಕ್ಕೆ ಮಲಗಿ ನಿದ್ದೆ ಹೋದ. ನಾನು ಹುಡುಗರನ್ನೆಲ್ಲ ಪಕ್ಕದ ಬೆಂಚಿನ ಮೇಲೆ ಕೂರಿಸಿ ಪಟ್ಟಿ ಸುತ್ತಿದೆ.

ಈಗ ಅವನು ಆಲ್ಟೋನಾದ ವೃದ್ಧಾಶ್ರಮದ ಬಸ್ಸು ಓಡಿಸುತ್ತಾನೆ. ನೊಲೀನಳೇ ಹೇಳಿಸಿ ಕೊಡಿಸಿದ ಕೆಲಸ. ಮಂಗಳವಾರ ಅಂಗಡಿಗೆ, ಶುಕ್ರವಾರ ಕಡಲತಡಿಗೆ. ಕಿಟಕಿಯ ಪಕ್ಕದ ಸೀಟಿಗಾಗಿ ಮುದುಕಿಯರು ಕೋಲು ಎತ್ತಿಕೊಂಡು ಜಗಳವಾಡುತ್ತಾರೆ. ಹೋದ ತಿಂಗಳು ನನಗೆ ರಜೆ ಇದ್ದಾಗ ಅವನ ಜೊತೆ ಒಂದು ಸುತ್ತು ಹೋಗಿದ್ದೆ. ಹೇಗಿದೆ ಕೆಲಸ ಎಂದು ಕೇಳಿದೆ.

“ಪರವಾಗಿಲ್ಲ ಕಣೋ,” ಅಂದ, ಕನ್ನಡಿಯಲ್ಲಿ ಹಿಂದಿನವರನ್ನು ನೋಡುತ್ತ. “ಇವ್ರೆಲ್ಲ ಏನಾಗ್ಬೇಕೋ ಅದು ಆಗಿ ಮುಗ್ದಿದೆ. ನಾನು ಯಾರನ್ನೂ ಏನೂ ಮಾಡ್ಬೇಕಾಗಿಲ್ಲ.”

ಹಿಂದಿನಿಂದ ಒಬ್ಬಳು ಅಜ್ಜಿ, ಬ್ರೇಕು ಹಾಕುವುದನ್ನು ಯಾರು ಕಲಿಸಿದರೋ ನಿನಗೆ ಎಂದು ಕೂಗಿದಳು. ಅವನು ಕ್ಷಮೆ ಕೇಳಿ, ಇನ್ನೂ ನಿಧಾನವಾಗಿ ಓಡಿಸತೊಡಗಿದ.